ತಮ್ಮನ ಜೀಪಿಗೆ ಹೊತ್ತ ಹರಕೆ

ನಮ್ಮ ಮನೆದೇವರು ವೀರಭದ್ರಸ್ವಾಮಿಗೆ ನಾನು ಒಪ್ಪಿಸಿದ ಕಂಚಿನ ಗಂಟೆ ಅದಕ್ಕೆ ಮೊದಲು ಒಂಬತ್ತು ತಿಂಗಳು ಅಂಗಡಿಯ ಅಟ್ಟದ ಮೇಲೆ ಬಿದ್ದಿತ್ತು. ಒಳ್ಳೆ ರೇಟಿಗೆ ಸಿಕ್ಕಿತೆಂದು ಚೌಕಾಸಿ ಮಾಡಿ ಮೊದಲೇ ತಂದಿಟ್ಟ ಗಂಟೆ. ಕೊಡುವುದಿಲ್ಲ ಎಂದು ಹಟ ಹಿಡಿದವಳು ನಾನೇ. ಆ ಹಟಕ್ಕೆ ನಾನು ತೆತ್ತದ್ದು ನಿದ್ದೆ, ಊಟ, ಅವ್ವನ ಜೊತೆಗಿನ ಮಾತು. ಯಾಕೆ ಎಂದು ಭಕ್ತಬಂಧುಗಳಿಗೆ ಬಿಚ್ಚಿ ಹೇಳುತ್ತೇನೆ.

ಮೂಡಿಗೆರೆಯಲ್ಲಿ ನನ್ನದು ಜೀಪಿನ ಬಿಡಿಭಾಗಗಳ ಅಂಗಡಿ. ಹಳೇ ಗಾಡಿ ಬಿಚ್ಚಿ ಸಾಮಾನು ಮಾರುತ್ತ ನಾನೇ ಕಟ್ಟಿದ್ದು. ತಮ್ಮ ಲೋಕೇಶನಿಗೆ ತೋಟಗಳಲ್ಲಿ ನಡೆಯುವ ಆಫ್-ರೋಡ್ ಸ್ಪರ್ಧೆಯ ಹುಚ್ಚು. ಹಿಂದೊಂದು ವರ್ಷ ಅವನ ಜೀಪಿನ ಆಕ್ಸಲ್ ಮುರಿದಿತ್ತು. ಅದಕ್ಕೇ ಮರುವರ್ಷ ಕಾರ್ತಿಕದ ಸ್ಪರ್ಧೆಗೆ ಮೊದಲು ಹರಕೆ ಹೊತ್ತೆ: "ಜೀಪು ಒಂದು ಗೀರೂ ಬೀಳದೆ ಮನೆಗೆ ಬರಲಿ ಸ್ವಾಮಿ, ಗಂಟೆ ಕಟ್ಟಿಸುತ್ತೇನೆ." ನಮ್ಮಲ್ಲಿ ಹರಕೆ ತೀರುವವರೆಗೆ ಅದನ್ನು ಯಾರಿಗೂ ಹೇಳಬಾರದು. ನಾನೂ ಹೇಳಲಿಲ್ಲ.

ಸ್ಪರ್ಧೆಯ ದಿನ ಕೆಸರಲ್ಲಿ ಹೂತ ಬೇರೆಯವರ ಗಾಡಿಯನ್ನು ಎಳೆಯುವಾಗ ಜೀಪಿನ ಮುಂದಿನ ಎಳೆಯುವ ಯಂತ್ರದ, ಅಂದರೆ ವಿಂಚಿನ, ತಂತಿಹಗ್ಗ ಕಡಿದು ಲೋಕೇಶನ ಎದೆಗೆ ಬಡಿಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, "ತರೋವಷ್ಟರಲ್ಲೇ ಜೀವ ಹೋಗಿತ್ತಮ್ಮ" ಎಂದರು. ಅವನ ಸ್ನೇಹಿತ ಅಳುತ್ತಲೇ ಕೀಲಿ ನನ್ನ ಕೈಗಿಟ್ಟ. "ಗಾಡಿಗೆ ಏನೂ ಆಗಿಲ್ಲ ಅಕ್ಕಾ."

ಸ್ವಾಮಿ ಕೇಳಿದ್ದನ್ನೇ ಕೊಟ್ಟಿದ್ದ. ತಮ್ಮನ ಹೆಸರನ್ನು ನಾನು ಎತ್ತಿರಲೇ ಇಲ್ಲ. ನನ್ನ ಮಾತೇ ಅವನನ್ನು ಕೊಂದಿತೇ? ಮನೆಯಲ್ಲಿ ದೀಪ ಹಚ್ಚುವುದನ್ನು ಬಿಟ್ಟೆ. ಅವ್ವನ ಮುಖ ನೋಡಲಾಗುತ್ತಿರಲಿಲ್ಲ. ಅವಳೂ ನನ್ನ ಮುಖ ನೋಡುತ್ತಿರಲಿಲ್ಲ. ನೆಂಟರು ಮಾತ್ರ ಬಂದು ಬಂದು, "ಆಳು ತಿಂದ ಗಾಡಿ, ಗುಜರಿಗೆ ಹಾಕು ಮಾರಾಯ್ತಿ" ಎನ್ನುತ್ತಿದ್ದರು. "ಗುಜರಿ ನನ್ನ ಕಸುಬು. ಯಾವ್ದನ್ನ ಹಾಕ್ಬೇಕು ಅಂತ ನನಗೆ ಗೊತ್ತು" ಎಂದು ಅಟ್ಟಿದೆ.

ಶ್ರಾವಣದ ಒಂದು ಸೋಮವಾರ ಅವ್ವ ಜಾವಳಿ ಕಡೆಯ ನಮ್ಮ ದೇವಸ್ಥಾನಕ್ಕೆ ಹೊರಟಳು. ನಾನೂ ಬಸ್ಸು ಹತ್ತಿದೆ. ಭಕ್ತಿಯಿಂದಲ್ಲ, ಜಗಳಕ್ಕೆ. ಪೂಜೆಯ ಅಯ್ಯನವರು ಮಂಗಳಾರತಿ ತಂದರು. ನಾನು ಕೈ ಚಾಚಲಿಲ್ಲ.

"ಯಾಕಮ್ಮ?"

"ಹರಕೆ ಬಾಕಿ ಇದೆ ಅಯ್ನೋರೆ, ಕೊಡಲ್ಲ ಅಂತ ಹೇಳೋಕೆ ಬಂದೆ. ಜೀಪು ನೆಟ್ಟಗೆ ಬರ್ಲಿ ಅಂದಿದ್ದೆ. ಜೀಪು ಕಳಿಸಿ ಹುಡುಗನ್ನ ಇಟ್ಕೊಂಡ. ನನ್ನ ಬಾಯಿಂದ ಹೋದ್ನಾ ಇಲ್ವಾ, ಅದನ್ನ ಹೇಳ್ಲಿ. ಹೇಳೋವರ್ಗೂ ಏಳಲ್ಲ."

ಹೊಸ್ತಿಲೆದುರು ಕೂತೇಬಿಟ್ಟೆ.

"ಮಧ್ಯಾಹ್ನ ಬಾಗ್ಲು ಹಾಕ್ಬೇಕು ಕಣಮ್ಮ."

"ಹಾಕ್ಕಳಿ."

ಆಗ ಅವ್ವ ನನ್ನ ರಟ್ಟೆ ಹಿಡಿದಳು. ಹೊಡೆಯುತ್ತಾಳೆ ಎಂದುಕೊಂಡೆ.

"ನೀನು ಜೀಪಿಗೆ ಹೊತ್ಕೊಂಡಿದ್ಯಾ? ಹುಚ್ಚಿ! ನಾನು ಅವ್ನಿಗೇ ಹೊತ್ತಿದ್ದೆ ಕಣೆ. ನನ್ನ ಮಗ ಲೋಕೇಶ ಕೂದ್ಲು ಕೊಂಕದೆ ಬರ್ಲಿ ಅಂತ. ಮೂರು ಸೋಮವಾರ ಉಪವಾಸ ಇದ್ದೆ. ಎಲ್ಲಿ ತಪ್ಪಿದ್ನೋ ಅಂತ ಇವತ್ತಿಗೂ ಹುಡುಕ್ತಾ ಇದೀನಿ."

ನಾನು ಅವಳನ್ನೇ ನೋಡಿದೆ. ಹೆಸರು ಹಿಡಿದು, ಉಪವಾಸವಿದ್ದು, ಹೆತ್ತವಳು ಕೇಳಿದ್ದಳು. ಆದರೂ ಅವನು ಹೋದ. ಹಾಗಾದರೆ ನನ್ನ ಮಾತಿಗೆ ಕೊಲ್ಲುವ ಶಕ್ತಿ ಎಲ್ಲಿಂದ ಬಂತು?

"ನೀನೆಲ್ಲೂ ತಪ್ಪಿಲ್ಲ ಅವ್ವ" ಎಂದೆ.

"ಹಂಗಾದ್ರೆ ನೀನೂ ತಪ್ಪಿಲ್ಲ. ಏಳು."

ಒಂಬತ್ತು ತಿಂಗಳ ಅಳುವನ್ನು ಇಬ್ಬರೂ ಅಲ್ಲೇ ಅತ್ತೆವು. ಅಯ್ಯನವರು ಅಂದು ಬಾಗಿಲು ಹಾಕಲು ತಡಮಾಡಿದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಸ್ವಾಮಿ ಅದಕ್ಕೆ ಅವ್ವನ ಬಾಯಲ್ಲಿ ಉತ್ತರ ಕೊಟ್ಟ. ಮುಂದಿನ ಸೋಮವಾರ ಅದೇ ಜೀಪಿನಲ್ಲಿ ಹೋಗಿ ಗಂಟೆ ಕಟ್ಟಿಸಿದೆ. "ಇದು ಜೀಪಿಗಲ್ಲ ಅಯ್ನೋರೆ, ಉತ್ತರ ಕೊಟ್ಟಿದ್ದಕ್ಕೆ" ಎಂದು ಸ್ಪಷ್ಟವಾಗಿ ಹೇಳಿಯೇ ಕೊಟ್ಟೆ. ತಮ್ಮನನ್ನು ಯಾಕೆ ಕರೆದುಕೊಂಡೆ ಎಂದು ಈಗಲೂ ಪ್ರತಿ ಸಲ ಸ್ವಾಮಿಯನ್ನೇ ಕೇಳುತ್ತೇನೆ, ಬಿಟ್ಟಿಲ್ಲ. ಕೇಳಲು ಅವನೊಬ್ಬ ಇದ್ದಾನೆ ಎಂಬ ನಂಬಿಕೆ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ.

ನೀವೂ ನನ್ನ ಮಾತು ಕೇಳಿ. ವಿಂಚ್ ಎಳೆಯುವಾಗ ಹಗ್ಗದ ಹತ್ತಿರ ನಿಲ್ಲಬೇಡಿ. ಇದನ್ನು ಹೇಳದೆ ನಾನು ಯಾರಿಗೂ ಹಗ್ಗ ಮಾರುವುದಿಲ್ಲ. ಹರಕೆ ಹೊತ್ತರೆ, ಹಿರಿಯರು ಏನೇ ಅನ್ನಲಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿಬಿಡಿ. ದೇವರ ಮೇಲೆ ಸಿಟ್ಟಿದ್ದರೆ ಮನೆಯಲ್ಲಿ ಕೂತು ಕೊರಗಬೇಡಿ, ಎದುರಿಗೇ ಹೋಗಿ ಜಗಳವಾಡಿ. ಸೋಮವಾರ ನೂಕುನುಗ್ಗಲು, ಮಂಗಳವಾರ ಬೆಳಿಗ್ಗೆ ಹೋಗಿ. ಒಬ್ಬರೇ ಹೋಗಬೇಡಿ. ನಿಮ್ಮ ಮನೆಯಲ್ಲೇ ನಿಮ್ಮಷ್ಟೇ ನುಂಗಿಕೊಂಡು ಕೂತವರು ಇರುತ್ತಾರೆ, ಅವರನ್ನೂ ಕರೆದುಕೊಂಡು ಹೋಗಿ.