ಹೆಬ್ಬೆರಳು ಕೂಡಿಸಿದ ಅಕ್ಷರ

ಮೊಸರಿನಲ್ಲಿ ಕಲ್ಲು ಹುಡುಕುವವರಿಗೂ ಗಜೇಂದ್ರಗಡದ ಅಂದಾನಪ್ಪ ನೇಯ್ದ ಸೀರೆಯಲ್ಲಿ ಗಂಟು ಸಿಗುತ್ತಿರಲಿಲ್ಲ. ಮಗ್ಗದ ಮೇಲೆ ಹಾಸಿನ ಎಳೆ ಹರಿದರೆ ಕಣ್ಣು ನೋಡುವ ಮೊದಲೇ ಅವನ ಬೆರಳು ಕೂಡಿಸಿಬಿಡುತ್ತಿತ್ತು. ಆ ಕೈಯ ಹದ ನೋಡಿಯೇ ರೋಣದ ಇತಿಹಾಸ ಮಂಡಳಿಯವರು ಅವನಿಗೆ ಶಾಸನದ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿಯ ಅರಿವೆಗಂಟು ಒತ್ತುತ್ತ ಹೋದರೆ ಸುತ್ತೆಲ್ಲ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒತ್ತುತ್ತ ಒತ್ತುತ್ತಲೇ ಅಂದಾನಪ್ಪ ಹಳೆಯ ಲಿಪಿ ಓದಲು ಕಲಿತ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನು! ಓಣಿಯಲ್ಲಿ ಎದೆ ಸೆಟೆಸಿಯೇ ನಡೆಯುತ್ತಿದ್ದ.

ಹೋದ ಮಾಗಿಯಲ್ಲಿ ಚಿಕ್ಕನರಗುಂದದ ಪ್ರಭುಲಿಂಗಪ್ಪನ ಹೊಲದ ಬದುವಿನಲ್ಲಿ ಮಂಡಳಿಯವರು ಅಗೆದು ಒಂದು ಶಾಸನದ ಕಲ್ಲು ಎತ್ತಿದರು. ಪ್ರಭುಲಿಂಗಪ್ಪ ಗಾಣಿಗರ ಮನೆಯವನು. ಗಾಣ ನಿಂತು ಒಕ್ಕಲುತನ ಹಿಡಿದ ಮನೆ. ಬಂದವರಿಗೆಲ್ಲ ಬುತ್ತಿ ತಂದ, ಕಲ್ಲಿಗೆ ತಾನೇ ನೀರು ಹನಿಸಿದ. ಎಲ್ಲರೂ ಊಟಕ್ಕೆ ಹೋದಾಗ ಅಂದಾನಪ್ಪ ಒಬ್ಬನೇ ಮಸಿ ಒತ್ತುತ್ತಿದ್ದ. ಗುಡಿಯ ನಂದಾದೀಪಕ್ಕೆ ದಾನ ಬಿಟ್ಟವರ ಹೆಸರು ಬರುವಲ್ಲಿ ಮೊದಲಕ್ಷರ ಚಕ್ಕೆ ಎದ್ದಿತ್ತು. ಮುಂದೆ ‘ಲಿಗರು’ ಎಂದಿತ್ತು. ‘ಲಿ’ಯ ಕೆಳಗೆ ಒತ್ತಕ್ಷರದ ಮಸುಕು ಗೆರೆ. ಒತ್ತು ಇದ್ದರೆ ತೆಲ್ಲಿಗರು, ಅಂದರೆ ಎಣ್ಣೆ ತೆಗೆಯುವವರು. ಇಲ್ಲದಿದ್ದರೆ ಸಾಲಿಗರು, ಅಂದರೆ ನೇಕಾರರು. ಅಂದಾನಪ್ಪನ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಒತ್ತಿನ ಮೇಲೆ ಒಮ್ಮೆ ಊರಿದ, ಗೆರೆ ಕಪ್ಪಿನಲ್ಲಿ ಮುಚ್ಚಿಹೋಯಿತು. ಚಕ್ಕೆಯ ಅಂಚಿಗೆ ನಾಲ್ಕು ಸಲ ಊರಿದ. ಬೆಳ್ಳಗೆ ‘ಸಾ’ ಮೂಡಿತು. ಹರಿದ ಎಳೆ ಕೂಡಿಸಿದೆ, ಅಷ್ಟೇ, ಎಂದುಕೊಂಡ.

ರೋಣದಲ್ಲಿ ಉಪನ್ಯಾಸವಾಯಿತು. ಕಾಲೇಜಿನಲ್ಲಿ ಪಾಠ ಹೇಳುವ ನಿರ್ಮಲಾ ಆ ಕಾಗದ ಓದಿ, ದೀಪಕ್ಕೆ ದಾನ ಕೊಟ್ಟವರು ನೇಕಾರರು ಎಂದರು. ನೇಕಾರರೆಲ್ಲ ಚಪ್ಪಾಳೆ ತಟ್ಟಿ ಅಂದಾನಪ್ಪನಿಗೆ ಶಾಲು ಹೊದಿಸಿದರು.

ಹಿಂದಿನ ಸಾಲಿನಿಂದ ಪ್ರಭುಲಿಂಗಪ್ಪ ಎದ್ದ. “ಅಲ್ರಿ ಅಕ್ಕಾರ, ಆ ದೀಪಕ್ಕ ನಮ್ಮ ಗಾಣದ ಎಣ್ಣಿ ಹೋಗತಿತ್ತು ಅಂತ ನಮ್ಮಜ್ಜ ಹೇಳತಿದ್ದ. ನೇಕಾರರು ಎಣ್ಣಿ ಎಲ್ಲಿಂದ ತಂದ್ರರಿ?”

“ಬತ್ತಿಗೆ ನೂಲು ಕೊಟ್ಟಾರ ಬಿಡಪ್ಪಾ!” ಯಾರೋ ಕೂಗಿದರು. “ಹೊಲ ನಿಂದು ಅಂತ ಕಲ್ಲಿನ್ಯಾಗೂ ಪಾಲು ಬೇಕೇನು?”

ಸಭೆ ಗೊಳ್ಳೆಂದಿತು. ನಿರ್ಮಲಾ ನಗಲಿಲ್ಲ. “ಅಂದಾನಪ್ಪನವರ ಕೈ ಸುಳ್ಳು ಹೇಳೂದಿಲ್ರಿ,” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದಾನಪ್ಪನ ಕೈ ಶಾಲಿನ ಮೇಲೆ ಹೋಯಿತು. ಪ್ರಭುಲಿಂಗಪ್ಪ ಟೋಪಿ ಸರಿಮಾಡಿಕೊಂಡು ಕೂತ.

ಹೆಂಡತಿ ಬನಶಂಕರಿ ಶಾಲನ್ನು ಮಗ್ಗದ ಎದುರಿನ ಗೂಟಕ್ಕೇ ಹಾಕಿದಳು. ಮರುದಿನ ನೇಯುತ್ತ ಎಳೆ ಹರಿದಾಗ ಹೆಬ್ಬೆರಳು ಮುಂದೆ ಬಂತು. ಅಂದಾನಪ್ಪ ಕೈ ಹಿಂದಕ್ಕೆಳೆದುಕೊಂಡ. ನೇಕಾರ ಕೂಡಿಸುವುದು ತನ್ನ ಹಾಸಿನ ಎಳೆಯನ್ನು. ಇನ್ನೊಬ್ಬರ ಮಗ್ಗದ ಎಳೆ ಕಿತ್ತು ತನ್ನದಕ್ಕೆ ಹಾಕಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಮೂರು ದಿನ ಆ ಹೆಸರನ್ನು ನುಂಗಿಕೊಂಡಿದ್ದು, ನಾಲ್ಕನೇ ದಿನ ಚಿಕ್ಕನರಗುಂದಕ್ಕೆ ಹೋದ.

ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. “ಬರ್ರಿ ಅಂದಾನಪ್ಪನವರ. ಶಾಲು ಹೊತಗೊಂಡು ಬರಲಿಲ್ಲೇನು?”

“ಆ ಅಕ್ಷರ ನಿಮ್ದರಿ. ನಾನ ಮಸಿ ಒತ್ತಿ ನಮ್ದು ಮಾಡಿದೆ. ತಪ್ಪಾತು.”

ಹಗ್ಗ ನಿಂತಿತು. “ಆವತ್ತ ನೀರು ಹನಿಸಿದಾಂವ ನಾನ.”

“ಹೌದ್ರಿ.”

“ಈಗ ನನ್ನೊಬ್ಬನ ಕಿವ್ಯಾಗ ಹೇಳಾಕ ಬಂದೀರಿ. ರೋಣದಾಗ ನಕ್ಕಾವರು ಇನ್ನೂರು ಮಂದಿ. ಮೈಕ್ ಅಲ್ಲೈತಿ, ಇಲ್ಲಿಲ್ಲ.”

ಕೂಡ್ರಿ ಅನ್ನಲಿಲ್ಲ. ಚಹಾ ಅನ್ನಲಿಲ್ಲ.

ಮುಂದಿನ ಸಭೆಯಲ್ಲಿ ಅಂದಾನಪ್ಪ ಎರಡು ಕಾಗದ ತೂಗುಹಾಕಿದ, ಹಳೆಯದೊಂದು, ಹೊಸದಾಗಿ ತೆಗೆದದ್ದೊಂದು. ಹೊಸದರಲ್ಲಿ ಉಳಿದಿದ್ದ ಒತ್ತಕ್ಷರದ ಗೆರೆಗೆ ಬೆರಳಿಟ್ಟು ತೋರಿಸಿದ. “ಕಲ್ಲು ಸುಳ್ಳು ಹೇಳಿಲ್ರಿ. ನಾನ ಹೇಳೀನಿ.” ನೇಕಾರರ ಸಾಲಿನಿಂದ ಒಬ್ಬ, “ಮಂದ್ಯಾಗ ನಮ್ಮ ಮಾನ ಕಳದಿ,” ಎಂದು ಎದ್ದು ಹೋದ. ಅಂದಾನಪ್ಪ ಮೇಜಿನ ಮೇಲಿಟ್ಟ ಶಾಲನ್ನು ಯಾರೂ ಮುಟ್ಟಲಿಲ್ಲ. ಪ್ರಭುಲಿಂಗಪ್ಪ ಕೊನೆತನಕ ಕೂತಿದ್ದ, ಮಾತಾಡಿಸದೆ ಹೋದ.

ಮಂಡಳಿಯವರು ಅವನನ್ನು ಬಿಡಲಿಲ್ಲ. ಅಂಥ ಕೈ ಇನ್ನೊಂದಿಲ್ಲ. ಮೊನ್ನೆ ಅಸೂಟಿಯಲ್ಲಿ ಒಂದು ವೀರಗಲ್ಲಿನ ಪಡಿಯಚ್ಚು ತೆಗೆದ. ಒಣಗಿದ ಕಾಗದವನ್ನು ನಿರ್ಮಲಾ ಮೊದಲಿನಂತೆ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಗದ ಒಮ್ಮೆ, ಕಲ್ಲು ಒಮ್ಮೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಾಳೆ ನೋಡತೊಡಗಿದರು. ಅವರು ಮುಗಿಸುವತನಕ ಅಂದಾನಪ್ಪ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು.