ದಂಪತಿಗಳಿಗೆ ಮಾತ್ರ

ಸಾಸಿನ ಪೊಟ್ಟಣ ಒಡೆದ ಅಂಗಿಯನ್ನು ಒಗೆದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ನಮ್ಮವರು ಹೋಟೆಲಿನಿಂದ ಎದ್ದು ಬರುವಾಗ ಮೇಜಿನ ಮೇಲಿದ್ದ ಟೊಮೆಟೊ ಸಾಸಿನ ಪೊಟ್ಟಣ, ಕೈ ಒರೆಸುವ ಕಾಗದ, ಸೋಂಪು, ಕಡೆಗೆ ಹಲ್ಲುಕಡ್ಡಿಯನ್ನೂ ಬಿಡದೆ ಜೇಬಿಗೆ ಇಳಿಸುತ್ತಿದ್ದರು. "ಇವೆಲ್ಲ ಬಿಲ್ಲಿನಾಗ ಸೇರಿರ್ತಾವ" ಎಂಬುದು ಅವರ ವಾದ. ಸೋಮವಾರ ಬೆಳಗ್ಗೆ ನಾನು ಆ ಅಂಗಿಯನ್ನು ಬಂಡೆಗೆ ಬಡಿದರೆ ಕೆಂಪಗೆ ಚಿಮ್ಮುತ್ತಿತ್ತು. ಅದರ ಹುಳಿ ವಾಸನೆ ಎರಡು ಸಲ ಸೋಪು ಹಚ್ಚಿದರೂ ಬಿಡುತ್ತಿರಲಿಲ್ಲ.

ಅವರು ಮೊದಲು ಹೀಗಿರಲಿಲ್ಲ. ನಮ್ಮದು ಆಂಧ್ರದ ಆದೋನಿಯ ಹಳೆಯ ಓಣಿಯ ವೈಷ್ಣವರ ಮನೆ. ಅವರಿಗೆ ಹೊಳಗುಂದದ ಆಫೀಸೊಂದರಲ್ಲಿ ಗುಮಾಸ್ತಿಕೆ, ದಿನಾ ಬಸ್ಸಿನ ಓಡಾಟ. ಮನೆಯಲ್ಲಿ ಅತ್ತೆ, ಮಾವ, ಅಡುಗೆಮನೆ ತುಂಬ ಮಡಿ. ಗಂಡ ಹೆಂಡತಿ ಒಂದು ಮಾತಾಡಬೇಕೆಂದರೂ ಹಿತ್ತಲಿಗೆ ಹೋಗಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರೇ ಒಂದು ಭಾನುವಾರ ಸಂಜೆ ಪಂಚಾಂಗ ಮಡಚಿಟ್ಟು, "ನೀವಿಬ್ಬರೂ ಸ್ವಲ್ಪ ತಿರುಗಾಡಿ ಬರ್ರಿ. ಏನಾರ ತಿಂದು ಬರ್ರಿ. ಆಕಿಗೆ ನಾ ಹೇಳ್ತೀನಿ" ಅಂದರು. ಆಕಿ ಅಂದರೆ ನಮ್ಮತ್ತೆ. ಮಾವನವರು ಹೊರಗಿನ ನೀರನ್ನೂ ಮುಟ್ಟದ ಮನುಷ್ಯ. ಆದರೂ ನಮ್ಮ ಹೊಟ್ಟೆಗೆ ಬೀಗ ಹಾಕಲಿಲ್ಲ. ಅವತ್ತಿನಿಂದ ಭಾನುವಾರದ ಸಂಜೆ ನಮ್ಮದಾಯಿತು.

ನಾವು ಹೋಗುತ್ತಿದ್ದದ್ದು ದೊಡ್ಡ ಹೋಟೆಲಿಗೇನಲ್ಲ. ಮಾರ್ಕೆಟ್ಟಿನ ಹಿಂದೆ ಒಬ್ಬಾಕೆ ಉಗ್ಗಾಣಿ, ಮಿರ್ಚಿ ಬಜ್ಜಿ ಮಾಡುತ್ತಿದ್ದಳು. ಬಳ್ಳಾರಿಯವರು ಮಂಡಕ್ಕಿ ಒಗ್ಗರಣೆ ಅನ್ನುವುದನ್ನೇ ನಾವು ಉಗ್ಗಾಣಿ ಅನ್ನುತ್ತೇವೆ. ನಮ್ಮ ಓಣಿಯವರು ಬರುತ್ತಾರೆಂದು ಸಂಜೆಯ ಮೊದಲ ಬಾಣಲಿಗೆ ಆಕೆ ಉಳ್ಳಾಗಡ್ಡಿ ಹಾಕುತ್ತಿರಲಿಲ್ಲ. ಅದನ್ನು ತಿಂದು, ಬಟ್ಟೆ ಅಂಗಡಿಗಳ ಸಾಲಿನಲ್ಲಿ ಸುಮ್ಮನೆ ನಡೆದು, ಕೊಳ್ಳದ ಸೀರೆಗಳ ಬೆಲೆ ಕೇಳಿ, ಸೋಡಾ ಕುಡಿದು ಬರುತ್ತಿದ್ದೆವು. ದಾರಿಯುದ್ದಕ್ಕೂ ಅವರು ತಮ್ಮ ಆಫೀಸಿನವರ ಮಾತು, ನಡಿಗೆ, ಕೆಮ್ಮು ಎಲ್ಲ ಅಣಕಿಸಿ ತೋರಿಸುವರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುವೆನು. ವಾರದ ಉಳಿದ ದಿನಗಳನ್ನು ಆ ಸಂಜೆಯ ಬಲದ ಮೇಲೆ ದೂಡುತ್ತಿದ್ದೆ ಎಂದರೆ ಸುಳ್ಳಲ್ಲ. ಮಾವನವರು ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಅತ್ತೆ ಗೊಣಗುತ್ತಲೇ, "ಅವರು ಹೇಳಿ ಹೋಗ್ಯಾರ, ಹೋಗ್ರಿ" ಅನ್ನುತ್ತಿದ್ದರು.

ಆ ಸಂಜೆಗೆ ಮಣ್ಣು ಹಾಕಿದ್ದು ಕೂಪನ್ ಪುಸ್ತಕ. ಯಾರೋ ಟೈ ಕಟ್ಟಿಕೊಂಡವನು ಆಫೀಸಿಗೆ ಬಂದು ನಮ್ಮವರಿಗೆ ಅದನ್ನು ಮಾರಿ ಹೋದ. ಹೊಳೆಯುವ ಕಾಗದ, ಪುಟಕ್ಕೊಂದು ಅಂಗಡಿ. ಊರಿನ ಹೋಟೆಲುಗಳು, ಸೀರೆ ಅಂಗಡಿ, ಐಸ್‌ಕ್ರೀಂ ಪಾರ್ಲರು, ಕನ್ನಡಕದ ಅಂಗಡಿ ಎಲ್ಲ ಅದರಲ್ಲಿದ್ದವು. ಕಾರಿನ ಚಕ್ರ ಒಮ್ಮೆ ಸರಿಮಾಡಿಸಿದರೆ ಎರಡನೆಯ ಸಲ ಪುಕ್ಕಟೆ ಎಂಬ ಪುಟವೂ ಇತ್ತು. ನಮಗೆ ಕಾರಿಲ್ಲ. ಆ ಪುಟವನ್ನು ಕಾರಿದ್ದ ಒಬ್ಬ ಸಹೋದ್ಯೋಗಿಗೆ ಮಾರಬೇಕೆಂದು ಅವರು ಎಷ್ಟು ಬೆನ್ನು ಬಿದ್ದರೆಂದರೆ ಆತ ಇವರನ್ನು ಕಂಡರೆ ಟೀ ಅರ್ಧಕ್ಕೆ ಬಿಟ್ಟು ಏಳತೊಡಗಿದ.

ಮೊದಮೊದಲು ನನಗೂ ಖುಷಿಯೇ ಆಗಿತ್ತು. ಒಂದು ದೋಸೆಗೆ ಇನ್ನೊಂದು ಪುಕ್ಕಟೆ ಬಂದರೆ ಯಾರಿಗೆ ಬೇಡ? ತಣ್ಣನೆಯ ಎಸಿ, ಮೆತ್ತನೆಯ ಕುರ್ಚಿ. ಉಗ್ಗಾಣಿ ಮಾಡುವಾಕೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವುದು ತಪ್ಪಿತು ಅಂದುಕೊಂಡೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಮಾತಿಗೆ ನಾನೇನೂ ಹೊರತಲ್ಲ.

ಆದರೆ ಆ ಪುಸ್ತಕ ತೆಗೆದ ಕೂಡಲೇ ಹೋಟೆಲಿನವರ ಮುಖ ಬದಲಾಗುತ್ತಿತ್ತು. "ಕೂಪನಾ ಸಾರ್? ಅಟ್ಲಾ ಕೂರ್ಚೋಂಡಿ" ಎಂದು ಸಪ್ಲೈಯರ್ ಗದ್ದದಿಂದಲೇ ಮೂಲೆ ತೋರಿಸುವನು. ಕೂಪನ್ನಿನವರ ಮೂಲೆ ಯಾವ ಹೋಟೆಲಿನಲ್ಲಾದರೂ ಕೈತೊಳೆಯುವ ತೊಟ್ಟಿಯ ಪಕ್ಕದಲ್ಲೇ. ಜನ ಬಂದು ನನ್ನ ಭುಜದ ಹಿಂದೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ನಾನು ಆ ಸದ್ದು ಕೇಳುತ್ತ ಗೋಬಿ ಮಂಚೂರಿ ನುಂಗಬೇಕು. ಅದರ ಬಣ್ಣ ಬೆರಳಿಗೆ ಹತ್ತಿದರೆ ಮಾರನೆಯ ದಿನ ದೇವರ ದೀಪ ಹಚ್ಚುವಾಗಲೂ ಹೋಗಿರುತ್ತಿರಲಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡವೆಂದು ಹೇಳಿದರೆ, "ಕೂಪನ್ ಐಟಂ ಅಟ್ಲಾನೇ ವಸ್ತದಿ" ಅನ್ನುವರು, ಅದು ಬರುವುದೇ ಹಾಗಂತೆ. ನಮ್ಮವರು, "ಹೋಗ್ಲಿ ಬಿಡು, ಬದಿಗಿಟ್ಟು ತಿನ್ನು" ಅನ್ನುವರು. ಬೆಳ್ಳುಳ್ಳಿಯ ಸಾರನ್ನು ಹೇಗೆ ಬದಿಗಿಡುವುದೆಂದು ಅವರು ಹೇಳಿಕೊಡಲಿಲ್ಲ.

ಸೀರೆ ಅಂಗಡಿಯ ರಿಯಾಯಿತಿ ಮೂಲೆಯ ರಾಶಿಗೆ ಮಾತ್ರ. ಅದರಲ್ಲೊಂದು ಮುಗ್ಗಲು ವಾಸನೆಯ ಸೀರೆಯನ್ನು ನನಗೆ ಕೊಡಿಸಿ ದೊಡ್ಡ ಉಪಕಾರ ಮಾಡಿದವರಂತೆ ನಿಂತರು. ಚಾತುರ್ಮಾಸ್ಯದಲ್ಲಿ ಹಾಲು ಬಿಡುವ ತಿಂಗಳು ಬಂತು. ಐಸ್‌ಕ್ರೀಂ ಕೂಪನ್ನಿನ ಗಡುವೂ ಅದೇ ತಿಂಗಳಿಗೆ ಬಂತು. ನಾನು ಬೇಡವೆಂದೆ. ಅವರು ಪಾರ್ಲರಿಗೆ ಕರೆದೊಯ್ದು ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದರು. "ನೋಡು, ಇದು ಐಸ್‌ಕ್ರೀಮೇ ಅಲ್ಲ. ಇದರಾಗ ಹಾಲೇ ಇಲ್ಲ. ಬರೇ ತಾಳೆ ಎಣ್ಣಿ. ವ್ರತಕ್ಕ ಏನೂ ಅಡ್ಡಿ ಇಲ್ಲ." ಇಷ್ಟು ದಿನ ಹಾಲೆಂದು ನೆಕ್ಕಿದ್ದು ಎಣ್ಣೆಯೆಂದು ತಿಳಿದಾಗ ಯಾರಾದರೂ ಉಗುಳುತ್ತಾರೆ. ಅವರು ಸಂತೋಷಪಟ್ಟರು. ನನ್ನ ಅಂಗುಳಕ್ಕೆ ಅಂಟಿದ ಆ ಜಿಡ್ಡು ಮನೆಗೆ ಬಂದು ಬಿಸಿನೀರು ಕುಡಿದ ಮೇಲೂ ಬಿಡಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಆ ದಿನಗಳಲ್ಲಿ ಅವರು ಯಾರನ್ನೂ ಅಣಕಿಸಿ ತೋರಿಸಲಿಲ್ಲ. ಹೋಗುವಾಗ ಕೂಪನ್ನಿನ ಷರತ್ತು ಓದುವರು, ಬರುವಾಗ ಉಳಿದದ್ದೆಷ್ಟೆಂದು ಹೇಳುವರು. ಆದರೂ ನಾನು ಪುಸ್ತಕ ಮುಗಿಯುವುದನ್ನೇ ಕಾಯುತ್ತಿದ್ದೆ. ಮುಗಿದ ಮೇಲೆ ನನ್ನ ಗಂಡ ನನಗೆ ವಾಪಸ್ಸು ಸಿಗುತ್ತಾರೆ ಎಂಬ ಆಸೆ ನನಗಿತ್ತು.

ಪುಸ್ತಕದ ಕೊನೆಯ ಪುಟದಲ್ಲಿತ್ತು ದೊಡ್ಡ ಕೂಪನ್. ಬೈಪಾಸಿನ ಹೊಸ ಹೋಟೆಲಿನ ಜೋಡಿ ಥಾಲಿ. ಒಂದಕ್ಕೆ ಹಣ ಕೊಟ್ಟರೆ ಇನ್ನೊಂದು ಪುಕ್ಕಟೆ. ಕೆಳಗೆ "ದಂಪತಿಗಳಿಗೆ ಮಾತ್ರ, ಇಬ್ಬರೂ ಬಂದು ಕೂತಿರಬೇಕು" ಎಂದು ಬರೆದಿತ್ತು. ದೊಡ್ಡದೆಂದು ಅವರು ಅದನ್ನು ಕಡೆಯವರೆಗೂ ಕಾದಿಟ್ಟಿದ್ದರು. ಚಳಿ ಶುರುವಾಗಿ ಅದರ ಗಡುವು ಬಂದಾಗ ನೋಡಿದರೆ ಅದು ಮಾವನವರ ಶ್ರಾದ್ಧದ ಹಿಂದಿನ ದಿನ.

ನಮ್ಮಲ್ಲಿ ಶ್ರಾದ್ಧ ಮಾಡುವ ಮಗ ಹಿಂದಿನ ದಿನ ಒಪ್ಪತ್ತು ಇರಬೇಕು. ಒಂದೇ ಹೊತ್ತು, ಅದೂ ಮನೆಯ ಮಡಿಯ ಅಡುಗೆ ಉಣ್ಣಬೇಕು. ಹೊರಗಿನದು ಸುತರಾಂ ಕೂಡದು. ಹೆಂಡತಿಗೂ ಅದೇ ನೇಮ. ಅತ್ತೆ ಬೆಳಗ್ಗೆಯೇ ಮಡಿಯುಟ್ಟು ಅನ್ನ, ತೊವ್ವೆ ಮಾಡಿಟ್ಟರು. ನಮ್ಮವರು ಅಂಗಿ ಹಾಕಿಕೊಂಡು ಬಂದು, "ಅಮ್ಮಾ, ಎಲಿ, ದರ್ಭಿ, ಎಳ್ಳು ತರೋದೈತಿ. ಹೊತ್ತಾಗ್ತೈತಿ. ನಾ ಇವತ್ತು ಉಣ್ಣಂಗಿಲ್ಲ, ನಿರಾಹಾರನೇ ಇರ್ತೀನಿ" ಅಂದರು.

ಅತ್ತೆಯ ಮುಖ ಅರಳಿತು. "ಅಪ್ಪನ ಮ್ಯಾಲೆ ಎಷ್ಟು ಭಕ್ತಿ ಐತಪ್ಪಾ ನಿನಗ" ಅಂದರು. ಆಮೇಲೆ ನನಗೆ, "ನೀನೂ ಹೋಗವ್ವಾ, ಎಲಿ ಹರಿದಿಲ್ಲದ್ದು ನೋಡಿ ತರಬೇಕು, ಅವನಿಗೆ ತಿಳಿಯಂಗಿಲ್ಲ" ಅಂದರು. ನಾನು ನಾಲ್ಕು ತುತ್ತು ಉಂಡು ಎದ್ದೆ. ನನಗೂ ಭಕ್ತಿಯೆಂದೇ ಅನ್ನಿಸಿತ್ತು.

ಮಾರ್ಕೆಟ್ಟಿನಲ್ಲಿ ಎಲ್ಲ ಕೊಂಡಾದ ಮೇಲೆ ನಮ್ಮವರ ಸ್ಕೂಟರು ಮನೆಯ ಕಡೆ ತಿರುಗಲಿಲ್ಲ.

"ಎಲ್ಲಿಗ್ರಿ?" ಅಂದೆ.

"ಇವತ್ತೇ ಕಡೀ ದಿನ."

"ನಾಳೆ ಮಾವನವರ ಶ್ರಾದ್ಧ ಐತಿ."

"ಗೊತ್ತೈತಿ ಬಿಡು. ಒಪ್ಪತ್ತು ಅಂದ್ರ ಏನು? ಒಂದು ಹೊತ್ತು. ಮನ್ಯಾಗ ಉಂಡೀನೇನು? ಇಲ್ಲಲ್ಲ. ಆ ಒಂದು ಹೊತ್ತು ಇಲ್ಲಿ ಉಣ್ತೀನಿ. ಲೆಕ್ಕ ಸರಿಹೋತಿಲ್ಲ?"

"ಅತ್ತಿ ಮಾಡಿಟ್ಟಿದ್ದು?"

"ರಾತ್ರಿ ದನಕ್ಕ ಹಾಕ್ತಾಳ."

ಇಳಿದು ಆಟೋ ಹತ್ತಿ ಹೋಗಿಬಿಡಬೇಕೆನ್ನಿಸಿತು. ಒಬ್ಬಳೇ ಹೋದರೆ ಅತ್ತೆಗೆ ಏನು ಹೇಳಲಿ? ಹೋಟೆಲಿನ ಮುಂದೆ ನಿಂತು ಮತ್ತೊಮ್ಮೆ ಬೇಡಿಕೊಂಡೆ. ಅವರು ಆಗಲೇ ಕೂಪನ್ ಹರಿದು ಕೈಯಲ್ಲಿ ಹಿಡಿದಿದ್ದರು.

ಹೋಟೆಲಿನಲ್ಲಿ ಮತ್ತೆ ಅದೇ ಮೂಲೆ, ಅದೇ ತೊಟ್ಟಿ. ಎಳ್ಳು, ದರ್ಭೆಯ ಚೀಲವನ್ನು ಆ ಎಂಜಲು ನೆಲಕ್ಕೆ ತಾಕಿಸಬಾರದೆಂದು ತೊಡೆಯ ಮೇಲಿಟ್ಟುಕೊಂಡು ಕೂತೆ. ಎರಡು ತಾಟು ಬಂದವು. ಎಣ್ಣೆ ತೇಲುವ ಪನೀರು, ಬೆಳ್ಳುಳ್ಳಿ ನಾರುವ ದಾಲು, ರಬ್ಬರಿನಂಥ ರೊಟ್ಟಿ. ನಾನು ಕೈ ಹಾಕಲಿಲ್ಲ. ಅವರು ತಮ್ಮ ತಾಟು ಮುಗಿಸಿ ನನ್ನ ತಾಟನ್ನು ತಮ್ಮ ಕಡೆ ಎಳೆದುಕೊಂಡರು.

"ಅನ್ನ ಪರಬ್ರಹ್ಮ. ಚೆಲ್ಲಬಾರದು" ಅಂದರು.

ಅಪ್ಪನಿಗೆ ಪಿಂಡ ಇಡಬೇಕಾದ ಬೆರಳುಗಳು ಪನೀರಿನ ಎಣ್ಣೆಯಲ್ಲಿ ಅದ್ದಿ ಅದ್ದಿ ಏಳುವುದನ್ನು ನೋಡುತ್ತ ಕೂತೆ. ಮೂಗಿನ ತುದಿಯಲ್ಲಿ ಬೆವರು, ತುಟಿಯಂಚಿನಲ್ಲಿ ಸಾರು. ಹಸಿದವನ ಹೊಟ್ಟೆಬಾಕತನ ನೋಡಿದರೆ ಕನಿಕರ ಬರುತ್ತದೆ. ಇವರ ಹಸಿವು ಮೊದಲ ತಾಟಿಗೇ ತೀರಿತ್ತು, ಎರಡನೆಯ ತಾಟಿನ ಹೊತ್ತಿಗೆ ಉಸಿರು ಬಿಡುತ್ತ ತುರುಕುತ್ತಿದ್ದರು. ನನಗೆ ಆ ಮನುಷ್ಯನನ್ನು ಕಂಡು ವಾಕರಿಕೆ ಬಂತು. ಎದ್ದು ಹೊರಗೆ ಬಂದು ಚೀಲ ಹಿಡಿದು ಬಿಸಿಲಿನಲ್ಲಿ ನಿಂತೆ.

ಮಾರನೆಯ ದಿನ ಪುರೋಹಿತರು, ಊಟಕ್ಕೆ ಕೂರುವ ಬ್ರಾಹ್ಮಣರು ಹೊತ್ತಿಗೆ ಸರಿಯಾಗಿ ಬಂದರು. ನಮ್ಮವರು ಒದ್ದೆ ಪಂಚೆಯುಟ್ಟು ಸಂಕಲ್ಪಕ್ಕೆ ಕೂತದ್ದೇ ತಡ, ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದರು. ಪಾಯಿಖಾನೆಗೆ ಹೋದವನು ಮತ್ತೆ ತಲೆಯ ಮೇಲೆ ನೀರು ಹೊಯ್ದುಕೊಂಡೇ ಕೂರಬೇಕು. ಬಂದರು, ಕೂತರು, ಮತ್ತೆ ಓಡಿದರು. ಪುರೋಹಿತರು ಗಡಿಯಾರ ನೋಡುತ್ತ ದರ್ಭೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದರು. ಒಲೆಯ ಮುಂದೆ ಕೂತಿದ್ದ ನನಗೆ ಹಿತ್ತಲಿನ ಸದ್ದೆಲ್ಲ ಕೇಳುತ್ತಿತ್ತು. ಉಂಡದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿದೆ ಅಂದುಕೊಂಡೆ. ಅಯ್ಯೋ ಅನ್ನಿಸಲಿಲ್ಲ.

"ನಿನ್ನೆಯಿಂದ ಒಂದು ಅಗಳು ಮುಟ್ಟಿಲ್ಲ ನನ್ನ ಮಗ. ಖಾಲಿ ಹೊಟ್ಟಿ, ಅದಕ್ಕ ಹಿಂಗಾಗೈತಿ" ಎಂದು ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದರು.

ಕಡೆಯ ಸಲ ಅವರು ಹಿತ್ತಲಿನಿಂದ ಬರುವಾಗ ಕಾಲು ಸೋತು ಗೋಡೆಗೆ ಒರಗಿದರು. ಇನ್ನೂ ಸ್ನಾನವಾಗಿರಲಿಲ್ಲ. ಅತ್ತೆ ಮಡಿಯಲ್ಲಿದ್ದಾಗ ಯಾರನ್ನೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಒಮ್ಮೆ ನಾನು ಅಂಗಳದಲ್ಲಿ ಜಾರಿ ಬಿದ್ದಾಗಲೂ ದೂರದಿಂದಲೇ "ಏಳವ್ವಾ" ಅಂದಾಕೆ. ಅಂಥಾಕೆ ಓಡಿಹೋಗಿ ಪಾಯಿಖಾನೆಯಿಂದ ಬಂದ ಮಗನನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಹಣೆ ಮುಟ್ಟಿ ನೋಡಿದರು. ಸೆರಗಿನಿಂದ ಅವರ ಮುಖ ಒರೆಸಿದರು. ಆಮೇಲೆ ಆ ಚಳಿಯಲ್ಲಿ ಮತ್ತೆ ಮಡಿಯಾಗಬೇಕಲ್ಲ, ತಾವೂ ಹೋಗಿ ತಣ್ಣೀರು ಹೊಯ್ದುಕೊಂಡರು. ಹಲ್ಲು ಕಟಕಟಿಸುತ್ತ ಬಂದು ನನ್ನ ಪಕ್ಕ ಒಲೆಯ ಮುಂದೆ ಕೂತರು.

ಈಗಲಾದರೂ ನಮ್ಮವರು ನಿಜ ಹೇಳುತ್ತಾರೆ ಅಂದುಕೊಂಡೆ. ತಾಯಿಗೆ ಬೇಡ, ಪುರೋಹಿತರ ಕಿವಿಯಲ್ಲಾದರೂ ಹೇಳಿ ಏನಾದರೊಂದು ಪ್ರಾಯಶ್ಚಿತ್ತ ಕೇಳಬಹುದು. ನಾನೇ ಹೇಳಿದ್ದರೆ ಗಂಡನ ಶ್ರಾದ್ಧ ಕೆಟ್ಟಿತೆಂದು ಆ ಮುದುಕಿ ವರ್ಷವಿಡೀ ಕೊರಗಬೇಕಾಗಿತ್ತು. ಅವರ ಬಾಯಿಂದಲೇ ಬರಲಿ ಎಂದು ಒಲೆಗೆ ಕಟ್ಟಿಗೆ ತುರುಕುತ್ತ ಕಾದೆ.

ಹೇಗೋ ಕರ್ಮ ಮುಗಿಯಿತು, ಬ್ರಾಹ್ಮಣರ ಊಟವೂ ಆಯಿತು. ಅತ್ತೆ ಬಾಗಿಲ ಹಿಂದೆ ನಿಂತು ಪುರೋಹಿತರನ್ನು ಕೇಳಿದರು: "ಇವನ ಕೈಲೆ ಉಪಾಸ ಆಗಂಗಿಲ್ರಿ. ಬರೋ ವರ್ಷದಿಂದ ಹಿಂದಿನ ದಿನದ ಒಪ್ಪತ್ತು ಬಿಟ್ರ ನಡೀತೈತೇನ್ರಿ? ನಮ್ಮವರು ಇದ್ದಿದ್ರ ಮಗನ ಹೊಟ್ಟಿ ಕಾಯಿಸ್ತಿರಲಿಲ್ಲ."

"ಅಶಕ್ತರಿಗೆ ಶಾಸ್ತ್ರದಾಗ ರಿಯಾಯಿತಿ ಐತ್ರಿ" ಅಂದರು ಪುರೋಹಿತರು.

ನಾನು ಎಂಜಲೆಲೆ ಎತ್ತುತ್ತಿದ್ದವಳು ನಿಂತೆ. ನಮ್ಮವರು ಕಂಬಕ್ಕೆ ಒರಗಿ ಕೂತಿದ್ದರು.

"ಆಗಲಿ ಬಿಡಮ್ಮ" ಅಂದರು.

ಎಲೆಗಳನ್ನು ತೆಗೆದುಕೊಂಡು ನಾನು ಹಿತ್ತಲಿಗೆ ಹೋದೆ.

ಮುಂದಿನ ಭಾನುವಾರ ಅವರ ಹೊಟ್ಟೆ ಸರಿಹೋಗಿತ್ತು. ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, "ಪುಸ್ತಕ ಮುಗೀತು. ಇವತ್ತು ನಿನಗೇನು ಬೇಕೋ ಅದೇ ತಿನ್ನೋಣ ನಡಿ" ಅಂದರು. ಹಳೆಯ ನಗೆಯೇ ಇತ್ತು ಮುಖದಲ್ಲಿ. ಅದಕ್ಕಾಗಿ ನಾನು ಎಷ್ಟು ತಿಂಗಳು ಕಾದಿದ್ದೆ. ಆದರೆ ಅವರ ಎದುರು ಕೂತು, ಅವರು ಬಾಯಿ ತೆರೆಯುವುದನ್ನು ನೋಡುತ್ತ ಒಂದು ತುತ್ತಾದರೂ ಇಳಿಯುವುದೆಂದು ನನಗೆ ಅನ್ನಿಸಲಿಲ್ಲ.

"ನೀವು ಹೋಗಿ ಬರ್ರಿ. ನನಗ ಹಸಿವಿಲ್ಲ" ಅಂದೆ.

ಅತ್ತೆ ಒಳಗಿನಿಂದ ಕೇಳಿಸಿಕೊಂಡು, "ಹೋಗವ್ವಾ, ಮಾವನವರು ಹೇಳಿದ್ದು ಬಿಡಬಾರದು. ಒಬ್ಬನೇ ಹೋದರ ಅವನಿಗೆ ತಿಂದಿದ್ದು ಸೇರ್ತೈತೇನು?" ಅಂದರು.

"ಸೇರ್ತೈತ್ರಿ ಅತ್ತಿ" ಅಂದೆ.

ಅವರು ಹೊಸ್ತಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ಇನ್ನೊಂದನ್ನು ಮೆಟ್ಟಲು ಬಹಳ ಹೊತ್ತು ಹಿಡಿಯಿತು.