ಚಪ್ಪಲಿ ಎಣಿಸುವ ಪಾರ್ವತೆಮ್ಮ

ಬೆಳಗಿನ ಆರು ಗಂಟೆ. ನಗರದಂಚಿನ ಕುಷಾಯಿಗೂಡ ಬಡಾವಣೆಯ ಹಿಂದಿನ ಓಣಿಯಲ್ಲಿ ತಗಡು ಒತ್ತುವ ಮಷಿನ್‌ಗಳು ಆಗಲೇ ಧಡಧಡ ಅನ್ನುತ್ತಿವೆ. ಯಾದಗಿರಿ ಕಡೆಯ ಪಾರ್ವತೆಮ್ಮ ಶೆಡ್ಡಿನ ಒಳಗೆ ಇಣುಕುವುದಿಲ್ಲ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಎಣಿಸುತ್ತಾರೆ. ಒಂಬತ್ತು ಜೋಡಿ. ಅದರಲ್ಲೊಂದಕ್ಕೆ ಧೂಳು ಹಿಡಿದಿದೆ. ಜೊತೆಗೆ ಬಂದ ನನಗೆ ಹೇಳುತ್ತಾರೆ:

"ಮಾಲಕ್ರನ್ನ ಕೇಳಿದ್ರ ಇಬ್ರೇ ಅದಾರ ಅಂತಾರ್ರೀ. ಚಪ್ಪಲಿ ಸುಳ್ಳು ಹೇಳಂಗಿಲ್ಲ."

ಕುಂಕುಮ ಹಚ್ಚಿದ ಮಷಿನ್ ಮುಂದೆ ಇಲ್ಲಿ ಯಾರೂ ಚಪ್ಪಲಿ ಮೆಟ್ಟಿಕೊಂಡು ನಿಲ್ಲುವುದಿಲ್ಲ. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಕಾರ್ಮಿಕರ ಗಣತಿ ಮಾಡುತ್ತಿರುವ ಪಾರ್ವತೆಮ್ಮನಿಗೆ ಈ ಪದ್ಧತಿಯೇ ಆಧಾರ. ದಿನಕ್ಕೆ ನಲವತ್ತು ಶೆಡ್ಡು ಸುತ್ತುತ್ತಾರೆ.

ಈ ಲೆಕ್ಕದ ಮೇಲೆ ಒಂದು ಅಂಕಿ ನಿಂತಿದೆ. ಬಡಾವಣೆಯ ನೂರು ದುಡಿಯುವವರಲ್ಲಿ ತಗಡಿನ ಕೆಲಸದವರೆಷ್ಟು, ಇಡೀ ನಗರದ ನೂರರಲ್ಲಿ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಒಂದು ದಾಟಿದರೆ ಉದ್ಯಮ ಅಲ್ಲಿ ನೆಲೆಯೂರಿದೆ ಎಂದರ್ಥ. ಅಂಕಿ ಎಲ್ಲಿ ದೊಡ್ಡದೋ ಅಲ್ಲಿಗೆ ಕಾರ್ಮಿಕರ ಆಸ್ಪತ್ರೆ. ಪಾರ್ವತೆಮ್ಮನ ಎಣಿಕೆಯಂತೆ ಇಲ್ಲಿ ನೂರಕ್ಕೆ ಹನ್ನೆರಡು; ಇಡೀ ನಗರದ ಲೆಕ್ಕ ಮೂರು. ಭಾಗಿಸಿದರೆ ನಾಲ್ಕು.

ವರದಿಯಲ್ಲಿ ಬಂದ ಅಂಕಿ ಮುಕ್ಕಾಲೂ ಇಲ್ಲ! ಗಣತಿಯ ಗುತ್ತಿಗೆ ಹಿಡಿದ ಕಂಪನಿಯವರು ಕೂಲಿಯವರನ್ನೆಲ್ಲ ಮಾಲೀಕರ ನೋಂದಣಿ ವಿಳಾಸಕ್ಕೆ ಬರೆದುಬಿಟ್ಟಿದ್ದಾರೆ. ಆ ವಿಳಾಸಗಳೆಲ್ಲ ನಗರದ ಇನ್ನೊಂದು ತುದಿಯ ಕೊಂಡಾಪುರದ ಗಾಜಿನ ಕಟ್ಟಡಗಳಲ್ಲಿವೆ. ಒಂದು ತಗಡಿನ ಚೂರೂ ಬೀಳದ ಆ ಕಡೆಗೆ ಆಸ್ಪತ್ರೆ ಹೊರಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕುರ್ಚಿ ಬಿಟ್ಟು ಏಳದವರ ಗಣಿತಕ್ಕೆ ಬೆಂಕಿ ಬೀಳಲಿ.

ಹೋದ ತಿಂಗಳು ಪಾರ್ವತೆಮ್ಮನ ತಂಗಿಯ ಮಗ ಕಲ್ಲೇಶನ ಬರಿಗಾಲ ಮೇಲೆ ತಗಡಿನ ಹಾಳೆ ಜಾರಿ ಬಿತ್ತು. ಆಟೋದಲ್ಲಿ ಕೋಠಿಯ ದೊಡ್ಡಾಸ್ಪತ್ರೆ ಮುಟ್ಟಿಸಲು ಒಂದೂವರೆ ತಾಸು ಹಿಡಿಯಿತು. ಕಾಲಿನ ಮೂರು ಬೆರಳು ಹೋದವು.

ಕಂಪನಿಯ ಮೇಲ್ವಿಚಾರಕ ಚೇತನಕುಮಾರ ವರದಿಗೆ ತಕ್ಕಂತೆ ತಿದ್ದಿದ ಪಟ್ಟಿ ಹಿಡಿದು ಓಣಿಗೇ ಬಂದಿದ್ದಾನೆ. "ಸಹಿ ಹಾಕ್ರಿ ಅಮ್ಮ. ಇಲ್ಲಾಂದ್ರ ಮುಂದಿನ ಸರ್ವೆಗೆ ನಿಮ್ಮನ್ನ ಕರಿಯಂಗಿಲ್ಲ."

"ಕರೀಬ್ಯಾಡಪ. ನೀ ಒಮ್ಮೆರ ಇಲ್ಲಿ ಬಗ್ಗಿ ಎಣಿಸೀಯೇನು?"

ಅವನು ಫೋನು ನೋಡುತ್ತಾನೆ. ಪಾರ್ವತೆಮ್ಮ ಪಟ್ಟಿಯ ಅಂಚಿನಲ್ಲಿ ತಮ್ಮ ಎಣಿಕೆ ಬರೆದು, ಅದರ ಕೆಳಗೆ ಮಾತ್ರ ಸಹಿ ಹಾಕಿ ವಾಪಸು ಕೊಡುತ್ತಾರೆ. ಆಮೇಲೆ ಆ ಧೂಳು ಹಿಡಿದ ಜೋಡಿಯನ್ನು ಸೆರಗಿನಿಂದ ಒರೆಸಿ ಬಾಗಿಲ ಬಳಿಯೇ ಇಟ್ಟು ನನ್ನ ಕಡೆ ತಿರುಗುತ್ತಾರೆ.

"ಇದು ಕಲ್ಲೇಶಂದ್ರೀ. ಇದನ್ನೂ ಹಿಡದೇ ಒಂಬತ್ತು. ಅಂವ ಬೆರಳು ಕಳಕೊಂಡಿದ್ದು ಇಲ್ಲಿ, ಕೊಂಡಾಪುರದಾಗ ಅಲ್ಲ."